ದೈವಿಕ ಆಯ್ಕೆ

ರಕ್ಷಣೆಗೆ ಮೂಲಕಾರಣ ಮನುಷ್ಯನ ಅರ್ಹತೆಯಲ್ಲ, ದೇವರು ಕೃಪೆಯಿಂದ ಮೊದಲೇ ಮಾಡಿದ ಆಯ್ಕೆ ಎನ್ನುವ ಕ್ರೈಸ್ತ ಸಿದ್ಧಾಂತ. ಇಸ್ರಾಯೇಲನ್ನು ದೇವರು ತನ್ನ ಜನವಾಗಿ ಆರಿಸಿಕೊಂಡನೆಂಬ ಹಳೆಯ ಒಡಂಬಡಿಕೆಯ ನಂಬಿಕೆ ಇದರ ಬೇರು. ರೋಮಾಪುರದವರಿಗೆ ಪೌಲ ಬರೆದ ಪತ್ರಿಕೆಯ 9ರಿಂದ 11ನೆಯ ಅಧ್ಯಾಯಗಳು ಮುಖ್ಯ ಆಧಾರ. 5ನೆಯ ಶತಮಾನದಲ್ಲಿ ಮನುಷ್ಯನ ಸ್ವಂತ ಪ್ರಯತ್ನಕ್ಕೆ ಒತ್ತು ಕೊಟ್ಟ ಪೆಲೇಜಿಯಸನ ವಿರುದ್ಧ ಅಗಸ್ಟೀನ್ ಇದನ್ನು ಪ್ರತಿಪಾದಿಸಿದ. 16ನೆಯ ಶತಮಾನದಲ್ಲಿ ಕ್ಯಾಲ್ವಿನ್ ಇದನ್ನು, ಕೆಲವರು ರಕ್ಷಣೆಗೆ, ಉಳಿದವರು ನಾಶಕ್ಕೆ ಎಂಬ ಇಬ್ಬಗೆಯ ಪೂರ್ವನಿರ್ಣಯವಾಗಿ ಬೆಳೆಸಿದ. ಹಾಗಾದರೆ ದೇವರು ಪಕ್ಷಪಾತಿಯಲ್ಲವೇ ಎಂಬುದು ಹಳೆಯ ಆಕ್ಷೇಪ. ಡಚ್ ದೇವತಾಶಾಸ್ತ್ರಜ್ಞ ಆರ್ಮೀನಿಯಸನ ಅನುಯಾಯಿಗಳು 1610ರಲ್ಲಿ ಆಯ್ಕೆಗೆ ನಂಬಿಕೆಯೇ ಷರತ್ತು ಎಂದರು; 1618-19ರ ಡಾರ್ಟ್ ಸಭೆ ನಂಬಿಕೆ ಆಯ್ಕೆಯ ಕಾರಣವಲ್ಲ, ಫಲ ಎಂದು ತೀರ್ಮಾನಿಸಿತು. ಆದರೆ ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಪೌಲನ ವಾದ ಕೊನೆಗೆ ತಲುಪುವುದು ಎಲ್ಲರ ಮೇಲಿನ ಕರುಣೆಯನ್ನು. ಆದ್ದರಿಂದ ಆಯ್ಕೆಯನ್ನು ಹೊರಗಿಟ್ಟವರ ಪಟ್ಟಿಯಂತೆ ಓದುವುದು ಆ ಪತ್ರಿಕೆಗೆ ಒಪ್ಪುವುದಿಲ್ಲ. ಆರಿಸುವ ದೇವರೂ ಆಯ್ಕೆಯಾದ ಮನುಷ್ಯನೂ ಯೇಸುಕ್ರಿಸ್ತನೇ ಎಂದು ಕಾರ್ಲ್ ಬಾರ್ತ್ 1942ರಲ್ಲಿ ವಿವರಿಸಿದ.