ಗ್ಲೈಕೊಜೆನ್: ಕೂಡಿಡುವ ಹಾದಿ, ಕರಗಿಸುವ ಹಾದಿ

ಅನ್ನ, ಮುದ್ದೆ, ರೊಟ್ಟಿಗಳಲ್ಲಿರುವ ಪಿಷ್ಟ ಜೀರ್ಣಾಂಗದಲ್ಲಿ ಗ್ಲೂಕೋಸ್ ಆಗಿ ಒಡೆದು ರಕ್ತ ಸೇರುತ್ತದೆ. ತಕ್ಷಣದ ಖರ್ಚಿಗೆ ಬೇಡವಾದುದರಲ್ಲಿ ಒಂದಷ್ಟು ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೊಜೆನ್ ರೂಪದಲ್ಲಿ ಉಳಿಯುತ್ತದೆ. ಅದಕ್ಕೂ ಮಿಕ್ಕರೆ ಕೊಬ್ಬಾಗಬಲ್ಲದು. ಪಠ್ಯಪುಸ್ತಕಗಳು ನಾಲ್ಕು ಸಾಲಿನಲ್ಲಿ ಮುಗಿಸುವ ಈ ತಿಳಿವಳಿಕೆಯ ಇತಿಹಾಸವನ್ನು ಸಾಮಾನ್ಯವಾಗಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ 1857ರಲ್ಲಿ ಗ್ಲೈಕೊಜೆನನ್ನು ಬೇರ್ಪಡಿಸಿದಲ್ಲಿಗೆ ಮುಗಿಸಲಾಗುತ್ತದೆ. ಆದರೆ ಬರ್ನಾರ್ಡ್ ತೋರಿಸಿದ್ದು ದಾಸ್ತಾನು ಇದೆ ಎಂಬುದನ್ನು ಮತ್ತು ಅದು ಕರಗಿ ಸಕ್ಕರೆಯಾಗುತ್ತದೆ ಎಂಬುದನ್ನು. ದಾಸ್ತಾನು ತುಂಬುವುದು ಹೇಗೆಂದು ತಿಳಿಯಲು ಇನ್ನೂ 100 ವರ್ಷ ಬೇಕಾಯಿತು. ಈ ವಿಳಂಬಕ್ಕೆ ಉಪಕರಣಗಳ ಕೊರತೆಯಷ್ಟೇ ದೊಡ್ಡ ಕಾರಣ ಒಂದು ಪೂರ್ವಗ್ರಹಿಕೆ: ಕರಗಿಸುವ ಕ್ರಿಯೆಯನ್ನು ಹಿಮ್ಮುಖವಾಗಿ ನಡೆಸಿದರೆ ಅದೇ ಕೂಡಿಡುವ ಕ್ರಿಯೆ ಎಂಬ ನಂಬಿಕೆ. ಈ ಲೇಖನದ ವಾದ ಇದು.

ಬರ್ನಾರ್ಡ್ ಕೆಲಸಕ್ಕಿಳಿದಾಗ ಫ್ರೆಂಚ್ ರಸಾಯನಶಾಸ್ತ್ರದಲ್ಲಿ ದ್ಯೂಮಾ ಮತ್ತು ಬೂಸಿಂಗೋ ಅವರ ಮಾತಿಗೆ ತೂಕವಿತ್ತು. ಸಸ್ಯಗಳು ಕಟ್ಟುತ್ತವೆ, ಪ್ರಾಣಿಗಳು ಕೆಡವುತ್ತವೆ ಎಂಬುದು 1841ರಲ್ಲಿ ಅವರು ಮುಂದಿಟ್ಟ ಸಿದ್ಧಾಂತದ ತಿರುಳು. ಅದು ನಿಜವಾದರೆ ಪ್ರಾಣಿಯ ರಕ್ತದಲ್ಲಿನ ಸಕ್ಕರೆಯೆಲ್ಲ ತಿಂದ ಸಸ್ಯಾಹಾರದಿಂದಲೇ ಬಂದಿರಬೇಕು. 1848ರಲ್ಲಿ ಬರ್ನಾರ್ಡ್ ಮಾಂಸವನ್ನಷ್ಟೇ ತಿಂದ ನಾಯಿಗಳ ಯಕೃತ್ತಿನಿಂದ ಹೊರಬರುವ ರಕ್ತದಲ್ಲೂ ಸಕ್ಕರೆಯನ್ನು ಕಂಡರು. 1855ರ ಪ್ರಯೋಗ ಇನ್ನೂ ನಿರ್ಣಾಯಕ. ಆಗಷ್ಟೇ ಕೊಂದ ನಾಯಿಯ ಯಕೃತ್ತಿನ ರಕ್ತನಾಳಗಳಲ್ಲಿ 40 ನಿಮಿಷ ತಣ್ಣೀರು ಹರಿಸಿ, ಸಕ್ಕರೆಯ ಸುಳಿವೂ ಉಳಿಯದಂತೆ ತೊಳೆದಿಟ್ಟರು. ಮರುದಿನ ಅದೇ ಯಕೃತ್ತಿನಲ್ಲಿ ಸಕ್ಕರೆ ಧಾರಾಳವಾಗಿತ್ತು. ಹಾಗಾದರೆ ನೀರಿನಲ್ಲಿ ಸುಲಭವಾಗಿ ತೊಳೆದುಹೋಗದ, ನಿಧಾನವಾಗಿ ಸಕ್ಕರೆಯಾಗಬಲ್ಲ ವಸ್ತುವೊಂದು ಅಲ್ಲಿರಬೇಕು. ಎರಡು ವರ್ಷಗಳ ನಂತರ ಅದನ್ನು ಬೇರ್ಪಡಿಸಿದರು. ಜರ್ಮನಿಯ ವಿಕ್ಟರ್ ಹೆನ್ಸೆನ್ ಕೂಡ ಅದೇ ವರ್ಷ ಸ್ವತಂತ್ರವಾಗಿ ಅಲ್ಲಿಗೇ ತಲುಪಿದ್ದರು.

ಈ ತೀರ್ಮಾನಕ್ಕೆ ಬಂದ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಬರ್ನಾರ್ಡರ ಬಳಿಯೇ ಕಲಿತಿದ್ದ ಲಂಡನ್ನಿನ ವೈದ್ಯ ಫ್ರೆಡರಿಕ್ ಪೇವಿಯದು. ಬದುಕಿರುವ ಪ್ರಾಣಿಯ ಯಕೃತ್ತು ಸಕ್ಕರೆಯನ್ನು ಹೊರಬಿಡುವುದಿಲ್ಲ, ಅಲ್ಲಿ ಕಾಣುವುದು ಸಾವಿನ ನಂತರದ ವಿಕಾರ ಎಂದು ಅವರು ವಾದಿಸಿದರು. ತೊಳೆದ ಯಕೃತ್ತು ಸತ್ತ ಅಂಗವೇ ಆಗಿದ್ದರಿಂದ ಈ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಪೂರ್ಣ ಉತ್ತರ ದೊರೆತದ್ದು 1920ರ ದಶಕದಲ್ಲಿ, ಅಮೆರಿಕದ ಮೇಯೋ ಕ್ಲಿನಿಕ್‌ನ ಫ್ರ್ಯಾಂಕ್ ಮ್ಯಾನ್ ಮತ್ತು ಸಂಗಡಿಗರ ಪ್ರಯೋಗಗಳಿಂದ. ಯಕೃತ್ತನ್ನು ತೆಗೆದ ನಾಯಿಗಳ ರಕ್ತದಲ್ಲಿ ಸಕ್ಕರೆ ಕುಸಿದು ಅವು ಸಾವಿನಂಚಿಗೆ ಬರುತ್ತಿದ್ದವು. ಗ್ಲೂಕೋಸ್ ಕೊಟ್ಟರೆ ಚೇತರಿಸಿಕೊಳ್ಳುತ್ತಿದ್ದವು. ಆದರೆ ಗಮನಿಸಬೇಕಾದದ್ದು, ಅರ್ಧ ಶತಮಾನಕ್ಕೂ ಮೀರಿ ನಡೆದ ಈ ವಿವಾದವೆಲ್ಲ ಸಕ್ಕರೆ ಹೊರಬರುವ ಬಗ್ಗೆಯೇ ಇತ್ತು. ಒಳಹೋಗುವ ದಾರಿಯ ಪ್ರಶ್ನೆ ಹಿಂದೆಯೇ ಉಳಿಯಿತು.

ಪ್ರಾಗ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಕಾರ್ಲ್ ಮತ್ತು ಗೆರ್ಟಿ ಕೋರಿ ದಂಪತಿ ಈ ಚಿತ್ರಕ್ಕೆ ರಸಾಯನಶಾಸ್ತ್ರದ ಖಚಿತತೆ ತಂದರು. ಸ್ನಾಯುವಿನ ಗ್ಲೈಕೊಜೆನ್ ಲ್ಯಾಕ್ಟಿಕ್ ಆಮ್ಲವಾಗಿ ಯಕೃತ್ತಿಗೆ ಬಂದು, ಅಲ್ಲಿ ಮತ್ತೆ ಗ್ಲೂಕೋಸ್ ಆಗಿ ಸ್ನಾಯುವಿಗೆ ಮರಳುವ ಚಕ್ರವನ್ನು 1929ರಲ್ಲಿ ವಿವರಿಸಿದರು. 1936ರಲ್ಲಿ ಗ್ಲೂಕೋಸ್-1-ಫಾಸ್ಫೇಟನ್ನು ಗುರುತಿಸಿ, ಗ್ಲೈಕೊಜೆನನ್ನು ಹಾಗೆ ಒಡೆಯುವ ಫಾಸ್ಫೊರಿಲೇಸ್ ಕಿಣ್ವದ ಕೆಲಸವನ್ನು ಬಿಡಿಸಿಟ್ಟರು. ಈ ಕಿಣ್ವ ಪ್ರನಾಳದಲ್ಲಿ ತಿರುವುಮುರುವಾಗಿಯೂ ನಡೆಯುತ್ತಿತ್ತು. ಗ್ಲೂಕೋಸ್-1-ಫಾಸ್ಫೇಟ್ ಹಾಕಿದರೆ ಗ್ಲೈಕೊಜೆನ್ ಕಟ್ಟಿಕೊಡುತ್ತಿತ್ತು. ಎರಡೂ ಕೆಲಸಕ್ಕೆ ಒಂದೇ ಕಿಣ್ವ ಸಾಕು ಎಂಬ ತೀರ್ಮಾನ ಅಲ್ಲಿಂದ ಸಹಜವಾಗಿ ಹೊರಟಿತು. 1947ರ ನೊಬೆಲ್ ಪ್ರಶಸ್ತಿಯನ್ನು ಈ ದಂಪತಿ ಅರ್ಜೆಂಟೀನಾದ ಬರ್ನಾರ್ಡೊ ಹೌಸ್ಸೆ ಜೊತೆ ಹಂಚಿಕೊಂಡರು.

ಆದರೆ ಜೀವಕೋಶದ ಲೆಕ್ಕ ಪ್ರನಾಳಕ್ಕೆ ಹೊಂದುತ್ತಿರಲಿಲ್ಲ. ಕೋಶದೊಳಗೆ ಬಿಡಿ ಫಾಸ್ಫೇಟ್ ಹೇರಳ, ಗ್ಲೂಕೋಸ್-1-ಫಾಸ್ಫೇಟ್ ಅತ್ಯಲ್ಪ; ಅಂಥಲ್ಲಿ ಫಾಸ್ಫೊರಿಲೇಸ್ ಒಡೆಯುವತ್ತಲೇ ವಾಲುತ್ತದೆ. ಅಡ್ರಿನಾಲಿನ್ ಈ ಕಿಣ್ವವನ್ನು ಚುರುಕುಗೊಳಿಸಿದಾಗಲೂ ಗ್ಲೈಕೊಜೆನ್ ಕರಗುತ್ತಿತ್ತೇ ಹೊರತು ಹೆಚ್ಚುತ್ತಿರಲಿಲ್ಲ. ಒಗಟು ಬಿಡಿಸಿದವರು ಹೌಸ್ಸೆ ಅವರ ಶಿಷ್ಯ, ಕೋರಿಗಳ ಪ್ರಯೋಗಾಲಯದಲ್ಲೂ ಕೆಲಕಾಲ ದುಡಿದಿದ್ದ ಲೂಯಿಸ್ ಲೆಲ್ವಾರ್. ಯುಡಿಪಿ-ಗ್ಲೂಕೋಸ್ ಎಂಬ ಸಂಯುಕ್ತವೇ ಗ್ಲೈಕೊಜೆನ್ ಸರಪಳಿಗೆ ಗ್ಲೂಕೋಸನ್ನು ಒದಗಿಸುತ್ತದೆಂದು ಅವರು ಮತ್ತು ಕಾರ್ಡಿನಿ 1957ರಲ್ಲಿ ತೋರಿಸಿದರು. ಕಟ್ಟುವ ಹಾದಿಗೆ ಬೇರೆಯೇ ಕಿಣ್ವ, ಪ್ರತ್ಯೇಕ ಶಕ್ತಿವೆಚ್ಚ. ಇದಕ್ಕೆ ರೋಗಿಗಳ ಸ್ನಾಯುವೇ ಸಾಕ್ಷಿ ನುಡಿಯಿತು: ಬ್ರಿಟನ್ನಿನ ಬ್ರಯನ್ ಮೆಕಾರ್ಡಲ್ 1951ರಲ್ಲಿ ವರ್ಣಿಸಿದ ಕಾಯಿಲೆಯಲ್ಲಿ ಸ್ನಾಯುವಿಗೆ ಫಾಸ್ಫೊರಿಲೇಸ್ ಇಲ್ಲವೆಂದು 1959ರಲ್ಲಿ ಗೊತ್ತಾಯಿತು. ಅಲ್ಲಿ ಗ್ಲೈಕೊಜೆನ್ ಕೊರತೆಯಾಗಿರಲಿಲ್ಲ, ಮಾಮೂಲಿಗಿಂತ ಹೆಚ್ಚಾಗಿಯೇ ತುಂಬಿತ್ತು. ಕಟ್ಟುವ ಕೆಲಸ ಫಾಸ್ಫೊರಿಲೇಸಿನದಾಗಿದ್ದರೆ ಇದು ಅಸಾಧ್ಯ.

ಈ ವಾದಕ್ಕೆ ಎರಡು ಆಕ್ಷೇಪಗಳು ಏಳಬಹುದು. ಒಂದು, ಬರ್ನಾರ್ಡರೇ ಎರಡೂ ಕ್ರಿಯೆಗಳನ್ನು ಬೇರೆಯಾಗಿಸಿದ್ದರು. ನಿಜ, ಆದರೆ ಗ್ಲೈಕೊಜೆನ್ ಹುಟ್ಟುವುದು ಪ್ರಾಣಶಕ್ತಿಯ ಕೆಲಸ, ಸಕ್ಕರೆಯಾಗುವುದು ಬರಿಯ ರಸಾಯನ ಎಂದು ಅವರು ಗೆರೆ ಎಳೆದಿದ್ದರು. ಎರಡೂ ರಸಾಯನವೇ, ಆದರೆ ಬೇರೆ ಬೇರೆ ರಸಾಯನ ಎಂಬ ಅರಿವು ಅದರಲ್ಲಿಲ್ಲ. ಇನ್ನೊಂದು, ಯುಡಿಪಿ-ಗ್ಲೂಕೋಸ್ ಪತ್ತೆಯಾದದ್ದೇ 1950ರಲ್ಲಿ, ಅದಕ್ಕೆ ಮುನ್ನ ಉತ್ತರ ಹೇಗೆ ಸಿಕ್ಕೀತು? ಉತ್ತರ ಸಿಗದಿರಬಹುದು, ಪ್ರಶ್ನೆಗೆ ಅಡ್ಡಿಯಿರಲಿಲ್ಲ. ಆದರೆ ತಿರುಗುವ ಕಿಣ್ವವೊಂದು ಕೈಯಲ್ಲಿದ್ದಾಗ ಬೇರೆ ಹಾದಿಯನ್ನು ಹುಡುಕುವ ಅಗತ್ಯವೇ ತೋರುವುದಿಲ್ಲ.

ಎರಡು ಹಾದಿಗಳ ಅರಿವಿನಿಂದಲೇ ದೇಹದ ನಿಯಂತ್ರಣ ಅರ್ಥವಾಗುತ್ತದೆ. ವಯಸ್ಕರ ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಗ್ಲೈಕೊಜೆನ್ ಇರುತ್ತದೆ. ರಕ್ತದಲ್ಲಿ ಹರಿಯುವ ಗ್ಲೂಕೋಸ್ 4–5 ಗ್ರಾಂ ಮಾತ್ರ. ಇಷ್ಟು ಚಿಕ್ಕ ಚಲಾವಣೆ ಊಟಕ್ಕೂ ಉಪವಾಸಕ್ಕೂ ಏರುಪೇರಾಗದೆ ನಿಲ್ಲಬೇಕಾದರೆ ಒಂದು ಹಾದಿ ತೆರೆದಾಗ ಇನ್ನೊಂದು ಮುಚ್ಚಬೇಕು. ಇನ್ಸುಲಿನ್ ಕಟ್ಟುವ ಕಿಣ್ವವನ್ನು ಎಬ್ಬಿಸಿ ಒಡೆಯುವುದನ್ನು ತಗ್ಗಿಸುತ್ತದೆ, ಗ್ಲುಕಗಾನ್ ಮತ್ತು ಅಡ್ರಿನಾಲಿನ್ ಅದಕ್ಕೆ ವಿರುದ್ಧವಾದುದನ್ನು ಮಾಡುತ್ತವೆ. ಒಂದೇ ಕಿಣ್ವದ ಹಿಂದುಮುಂದಿನ ಚಲನೆಯನ್ನು ಹೀಗೆ ಆಳಲಾಗದು, ಏಕೆಂದರೆ ಕಿಣ್ವ ಚುರುಕಾದರೆ ಎರಡೂ ದಿಕ್ಕಿನ ವೇಗ ಒಟ್ಟಿಗೇ ಹೆಚ್ಚುತ್ತದೆ. ಆದ್ದರಿಂದ ಗ್ಲೈಕೊಜೆನ್ ಚರಿತ್ರೆಯಲ್ಲಿ 1957ಕ್ಕೆ 1857ರಷ್ಟೇ ಸ್ಥಾನ ಸಲ್ಲಬೇಕು.