ಕಾಡಂಚಿನ ಪ್ರೌಢಶಾಲೆ ಮತ್ತು ಗೋಡೆಯ ಮೇಲಿನ ಪತ್ರಿಕೆ

ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯನ್ನು ನಾಡಿನ ಹೆಚ್ಚಿನವರು ಬಲ್ಲದ್ದು ಎರಡು ಕಾರಣಗಳಿಂದ: ನಾಗರಹೊಳೆ ಕಾಡಿನ ಹೆಬ್ಬಾಗಿಲು ಅಲ್ಲಿದೆ, ಮೈಸೂರು ದಸರೆಗೆ ಹೊರಡುವ ಆನೆಗಳ ‘ಗಜಪಯಣ’ಕ್ಕೆ ಈಚಿನ ವರ್ಷಗಳಲ್ಲಿ ಪೂಜೆ ನಡೆಯುವುದೂ ಅಲ್ಲಿಯೇ. ಆನೆಗಳ ಮುಂದೆ ಕಳಸ ಹೊತ್ತು, ಹಾಡಿ ಕುಣಿದು, ಮರುದಿನದ ಪತ್ರಿಕೆಯ ಚಿತ್ರದಲ್ಲಿ ಒಂದು ಮೂಲೆಗೆ ಸಿಕ್ಕುವ ಶಾಲಾಮಕ್ಕಳು ವರ್ಷದ ಉಳಿದ ದಿನಗಳಲ್ಲಿ ಏನು ಓದುತ್ತಾರೆ, ಏನು ಬರೆಯುತ್ತಾರೆ ಎಂಬುದು ಸುದ್ದಿಯಾಗುವುದಿಲ್ಲ. ಜಿಲ್ಲಾ ಗೆಜೆಟಿಯರುಗಳೂ ಶಾಲೆಗಳ ಸಂಖ್ಯೆಯನ್ನು ಹೇಳುತ್ತವೆಯೇ ಹೊರತು ಶಾಲೆಯೊಳಗಿನ ದಿನ ಹೇಗೆ ಕಳೆಯುತ್ತಿತ್ತು ಎಂಬುದನ್ನು ಹೇಳುವುದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ (ಎಚ್.ಡಿ. ಕೋಟೆ) ಎಂಬ ಈ ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿ ಬದುಕಿನ ಚರಿತ್ರೆಯನ್ನು ಬರೆಯಹೊರಟವರಿಗೆ ಮಕ್ಕಳು ತಮ್ಮ ಕೈಯಿಂದಲೇ ಬರೆದು ಗೋಡೆಗೆ ಅಂಟಿಸಿದ ಪತ್ರಿಕೆಗಳು ಒಳ್ಳೆಯ ಆಕರವಾಗಬಲ್ಲವು. ಆದರೆ ಆ ಪತ್ರಿಕೆಗಳ ಮಾದರಿ ಹುಟ್ಟಿದ್ದು ಈ ಊರುಗಳಲ್ಲಿ ಅಲ್ಲ.

ಹಳೆಯ ಮೈಸೂರು ಸಂಸ್ಥಾನದಲ್ಲಿ ಪ್ರೌಢಶಾಲೆ ಎಂಬುದು ಬಹುಕಾಲ ಪಟ್ಟಣದ ಸೊತ್ತಾಗಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1833ರಲ್ಲಿ ಆರಂಭವಾದ ಉಚಿತ ಇಂಗ್ಲಿಷ್ ಶಾಲೆ ಮುಂದೆ ಮಹಾರಾಜ ಕಾಲೇಜಾಗಿ ಬೆಳೆಯಿತು. 1876ರಲ್ಲಿ ಮರಿಮಲ್ಲಪ್ಪನವರ ಶಾಲೆ, 1881ರಲ್ಲಿ ಹೆಣ್ಣುಮಕ್ಕಳಿಗಾಗಿ ಮಹಾರಾಣಿ ಶಾಲೆ ಬಂದವು. ವೆಸ್ಲಿಯನ್ ಮಿಷನ್ನಿನ ಪ್ರೌಢಶಾಲೆಯೂ ಇತ್ತು. ಇವೆಲ್ಲ ಇದ್ದದ್ದು ಮೈಸೂರು ನಗರದಲ್ಲಿ. 1913ರ ಪ್ರಾಥಮಿಕ ಶಿಕ್ಷಣ ಕಾನೂನು ಆಯ್ದ ಕಡೆಗಳಲ್ಲಿ ಕಡ್ಡಾಯ ಶಿಕ್ಷಣಕ್ಕೆ ಅವಕಾಶ ಕಲ್ಪಿಸಿದರೂ ಅದು ಹಳ್ಳಿಯ ಹುಡುಗನನ್ನು ಪ್ರೌಢಶಾಲೆಯವರೆಗೆ ಮುಟ್ಟಿಸುವಂಥದ್ದಾಗಿರಲಿಲ್ಲ. ಮುಂದೆ ಓದಬೇಕೆಂದವನು ಊರು ಬಿಡಬೇಕಿತ್ತು, ಊರು ಬಿಟ್ಟವನಿಗೆ ಉಳಿಯಲು ಜಾಗ ಬೇಕಿತ್ತು. ಈ ಕಾರಣಕ್ಕಾಗಿಯೇ ವಿದ್ಯಾರ್ಥಿನಿಲಯ, ಎಂದರೆ ಊಟ ವಸತಿಗಳ ಹಾಸ್ಟೆಲ್ಲು, ಮೈಸೂರು ಸೀಮೆಯ ಶಿಕ್ಷಣದ ಚರಿತ್ರೆಯಲ್ಲಿ ಶಾಲೆಯಷ್ಟೇ ಮುಖ್ಯವಾದ ಸಂಸ್ಥೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ 1915ರಲ್ಲಿ ಹುಟ್ಟಿ ಮುಂದೆ ಮುಖ್ಯಮಂತ್ರಿಯಾದ ದೇವರಾಜ ಅರಸರು ಓದಿದ್ದು ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ. ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಹಳ್ಳಿಯ ಹುಡುಗರಿಗಾಗಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯ ತೆರೆದದ್ದು 1941ರಲ್ಲಿ.

ವಿದ್ಯಾರ್ಥಿಗಳು ಪತ್ರಿಕೆ ನಡೆಸುವ ಅಭ್ಯಾಸ ಬೇರೂರಿದ್ದು ಇಂಥ ನಗರಗಳ ವಾತಾವರಣದಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳುತನದಲ್ಲಿ ಹೊರಟ ‘ಪ್ರಬುದ್ಧ ಕರ್ನಾಟಕ’ ಕಾಲೇಜಿನ ಅಂಗಳದಿಂದ ನಾಡಿನ ದೊಡ್ಡ ಪತ್ರಿಕೆಯೊಂದು ಹುಟ್ಟಬಲ್ಲದು ಎಂಬುದನ್ನು ತೋರಿಸಿತು. ಮೈಸೂರಿನಲ್ಲಿ ಓದುತ್ತಿದ್ದ ಕುವೆಂಪು ಇನ್ನೂ ಹದಿಹರೆಯದಲ್ಲಿದ್ದಾಗಲೇ, 1922ರಲ್ಲಿ, ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಪದ್ಯಗಳ ಪುಸ್ತಿಕೆಯನ್ನು ಅಚ್ಚು ಹಾಕಿಸಿದ್ದರೆಂಬುದು ಆ ಕಾಲದ ಶಾಲೆಯ ಭಾಷೆ ಯಾವುದಾಗಿತ್ತು ಎಂಬುದಕ್ಕೂ ವಿದ್ಯಾರ್ಥಿಯ ಬರವಣಿಗೆಯ ಹಂಬಲ ಎಷ್ಟಿತ್ತು ಎಂಬುದಕ್ಕೂ ಒಟ್ಟಿಗೇ ಸಾಕ್ಷಿ. ಅಚ್ಚು ಹಾಕಿಸುವ ಅನುಕೂಲ ಎಲ್ಲರಿಗೂ ಇರಲಿಲ್ಲವಾದ್ದರಿಂದ ಶಾಲೆಗಳಲ್ಲಿ ಕೈಬರಹದ ಪತ್ರಿಕೆ ರೂಢಿಗೆ ಬಂದಿತು: ಅಕ್ಷರ ದುಂಡಗಿರುವ ಒಬ್ಬ ವಿದ್ಯಾರ್ಥಿ ಎಲ್ಲರ ಬರಹಗಳನ್ನೂ ಒಂದೇ ಪ್ರತಿಯಾಗಿ ನಕಲು ಮಾಡಿ, ಹೊಲಿದು, ರಟ್ಟು ಹಾಕಿ, ಅದು ಕೈಯಿಂದ ಕೈಗೆ ದಾಟುವಂತೆ ಮಾಡುತ್ತಿದ್ದ. ಅದೇ ಬರಹಗಳನ್ನು ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಅಂಕಣಗಳಾಗಿ ಬರೆದು ಸೂಚನಾಫಲಕಕ್ಕೆ ಹಚ್ಚಿದರೆ ಅದು ಗೋಡೆಪತ್ರಿಕೆ, ಗ್ರಾಂಥಿಕವಾಗಿ ಭಿತ್ತಿಪತ್ರಿಕೆ. ಕೈಬರಹದ ಪತ್ರಿಕೆಯನ್ನು ಒಮ್ಮೆಗೆ ಒಬ್ಬರು ಓದಬಹುದು, ಗೋಡೆಪತ್ರಿಕೆಯನ್ನು ಹತ್ತು ಜನ ನಿಂತು ಓದಬಹುದು. ಬಡ ಶಾಲೆಗಳಲ್ಲಿ ಎರಡನೆಯದು ಗೆದ್ದದ್ದಕ್ಕೆ ಇದಕ್ಕಿಂತ ಹೆಚ್ಚಿನ ಕಾರಣವನ್ನು ಹುಡುಕಬೇಕಾಗಿಲ್ಲ.

ಸ್ವಾತಂತ್ರ್ಯಾನಂತರ ಪ್ರೌಢಶಾಲೆಗಳು ಮೊದಲು ತಾಲ್ಲೂಕು ಕೇಂದ್ರಗಳಿಗೆ, ಆಮೇಲೆ ಹೋಬಳಿಗಳಿಗೆ, ಕೊನೆಗೆ ದೊಡ್ಡ ಹಳ್ಳಿಗಳಿಗೆ ಹಬ್ಬಿದವು. 1948ರಲ್ಲಿ ಆರಂಭವಾದ ‘ಪ್ರಜಾವಾಣಿ’ಯಂಥ ದಿನಪತ್ರಿಕೆಗಳು ಬಸ್ಸಿನಲ್ಲಿ ಹಳ್ಳಿಗೆ ಬಂದವು, ಕನ್ನಡದ ‘ಚಂದಮಾಮ’ ಮಕ್ಕಳ ಕೈಸೇರಿತು. ಬೆಳಗಿನ ಪ್ರಾರ್ಥನೆಯಾದ ಮೇಲೆ ಒಬ್ಬ ವಿದ್ಯಾರ್ಥಿ ಮುಂದೆ ಬಂದು ಅಂದಿನ ಪಂಚಾಂಗ, ಸುಭಾಷಿತ, ಮುಖ್ಯವಾರ್ತೆಗಳನ್ನು ಗಟ್ಟಿಯಾಗಿ ಓದುವ ಪದ್ಧತಿ ಎಷ್ಟು ಗಟ್ಟಿಯಾಗಿ ನೆಲೆನಿಂತಿತೆಂದರೆ ಇಂದಿಗೂ ಸರ್ಕಾರಿ ಶಾಲೆಯ ದಿನ ಶುರುವಾಗುವುದು ಹಾಗೆಯೇ. ಹಳ್ಳಿಗೆ ಪತ್ರಿಕೆ ತಡವಾಗಿ ಬರುತ್ತಿದ್ದ ಕಾಲದಲ್ಲಿ ಮುಖ್ಯವಾರ್ತೆ ನಿನ್ನೆಯದಾಗಿರುತ್ತಿತ್ತು. ಅದರಿಂದ ಯಾರಿಗೂ ತೊಂದರೆಯಾದಂತಿಲ್ಲ.

1970ರ ದಶಕದಲ್ಲಿ ಚಿತ್ರ ಬದಲಾಯಿತು. 1972ರಲ್ಲಿ ಮುಖ್ಯಮಂತ್ರಿಯಾದ ದೇವರಾಜ ಅರಸರ ಕಾಲದಲ್ಲಿ ಹಿಂದುಳಿದ ವರ್ಗಗಳ ಸ್ಥಿತಿಯನ್ನು ಪರಿಶೀಲಿಸಲು ಹಾವನೂರು ಆಯೋಗ ರಚನೆಯಾಗಿ 1975ರಲ್ಲಿ ವರದಿ ನೀಡಿತು. ಸರ್ಕಾರಿ ವಿದ್ಯಾರ್ಥಿನಿಲಯಗಳು ಬೆಳೆದು, ಮನೆಯಲ್ಲಿ ಅಕ್ಷರವನ್ನೇ ಕಾಣದ ಮಕ್ಕಳು ಹೆಚ್ಚಿನ ಸಂಖ್ಯೆಯಲ್ಲಿ ಪ್ರೌಢಶಾಲೆಗೆ ಬಂದರು. 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಗ್ಗೆ ಆಡಿದ ‘ಬೂಸಾ’ ಎಂಬ ಮಾತು ವಿದ್ಯಾರ್ಥಿಗಳ ನಡುವೆ ಗಲಭೆಯೆಬ್ಬಿಸಿತು, ಹಾಸ್ಟೆಲ್ಲುಗಳು ಚರ್ಚೆಯ ಕೇಂದ್ರಗಳಾದವು. ದೇವನೂರ ಮಹಾದೇವ ಮತ್ತು ಗೆಳೆಯರು ಮೈಸೂರಿನಲ್ಲಿ ನಡೆಸಿದ ‘ಪಂಚಮ’ ಪತ್ರಿಕೆ ಈ ಕಾಲದ್ದು. ಶಾಲೆಯ ಪತ್ರಿಕೆ ಎಂದರೆ ಗುರುಗಳ ಮೆಚ್ಚುಗೆಗಾಗಿ ಬರೆಯುವುದು ಎಂಬ ಭಾವನೆಗೆ ದೊಡ್ಡ ಪೆಟ್ಟು ಬೀಳಬೇಕಾಗಿದ್ದ ಗಳಿಗೆ ಅದು. ಕಾಲೇಜುಗಳಲ್ಲಿ ಪೆಟ್ಟು ಬಿದ್ದಿತು. ಪ್ರೌಢಶಾಲೆಯ ಗೋಡೆಯವರೆಗೆ ಅದು ತಲುಪಲಿಲ್ಲ.

ಗೋಡೆಯ ಮೇಲೆ ಏನಿಲ್ಲ ಎಂಬುದನ್ನು ತಿಳಿಯಬೇಕಾದರೆ ಈ ಭಾಗದ ವಿದ್ಯಾರ್ಥಿಯ ವರ್ಷ ಹೇಗೆ ಉರುಳುತ್ತದೆ ಎಂಬುದನ್ನು ನೋಡಬೇಕು. ಈ ನಾಲ್ಕೂ ತಾಲ್ಲೂಕುಗಳು ವರ್ಜೀನಿಯಾ ತಂಬಾಕಿನ, ಅಂದರೆ ಸಿಗರೇಟಿಗೆ ಬಳಸುವ, ಬಿಸಿಗಾಳಿಯಲ್ಲಿ ಹದ ಮಾಡುವ ಹೊಗೆಸೊಪ್ಪಿನ ಸೀಮೆ. 1976ರಲ್ಲಿ ಸ್ಥಾಪನೆಯಾದ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗಳು ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕಂಪಲಾಪುರ, ಚಿಲ್ಕುಂದಗಳಲ್ಲಿವೆ. ಮುಂಗಾರಿನ ಮೊದಲ ಮಳೆಗೆ ಸಸಿ ನೆಟ್ಟರೆ, ಶಾಲೆ ತೆರೆದು ಪಾಠ ಬಿಗಿಯಾಗುವ ಹೊತ್ತಿಗೆ ಎಲೆ ಮುರಿಯುವ ಕೆಲಸ ಬರುತ್ತದೆ. ಮುರಿದ ಹಸಿಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ ಎಂದು ಕರೆಯುವ ಎತ್ತರದ ಹದಗೊಳಿಸುವ ಮನೆಯಲ್ಲಿ ನೇತುಹಾಕಿ, ಹಗಲೂ ರಾತ್ರಿ ಸೌದೆ ಉರಿಸಿ ಶಾಖ ಕಾಯಬೇಕು. ಸೊಪ್ಪು ಕಟ್ಟುವುದು ಬೆರಳಿನ ಚುರುಕಿನ ಕೆಲಸವಾದ್ದರಿಂದ ಮನೆಯ ಮಕ್ಕಳೂ ಕೂರುತ್ತಾರೆ; ಹಾಜರಿ ಪುಸ್ತಕದಲ್ಲಿ ಗೈರು ಹೆಚ್ಚುವುದು ಆಗಲೇ. ಚಳಿಗಾಲ ಬಂದರೆ ಕೂಲಿಯ ಮನೆಗಳದು ಇನ್ನೊಂದು ಕಥೆ: ಕೊಡಗಿನ ತೋಟಗಳಲ್ಲಿ ಕಾಫಿ ಹಣ್ಣಿನ ಕಾಲ ಶುರುವಾಗಿ, ಹಾಡಿಗಳ, ಎಂದರೆ ಜೇನುಕುರುಬ, ಯರವ ಮೊದಲಾದ ಬುಡಕಟ್ಟುಗಳ ಕೇರಿಗಳ, ಕುಟುಂಬಗಳು ಮಕ್ಕಳೊಂದಿಗೆ ತೋಟದ ಕೂಲಿಗಳ ಲೈನ್‌ಮನೆಗಳಿಗೆ ಹೊರಡುತ್ತವೆ. ಕಾಡಂಚಿನ ಊರುಗಳಲ್ಲಿ ಸಂಜೆಯ ಆನೆಯ ಭಯ ಬೇರೆ. ಶಾಲೆ ಬಿಟ್ಟ ಮೇಲೆ ಉಳಿದು ಚಿತ್ರ ಬಿಡಿಸುತ್ತಾ ಕೂರುವ ಬಿಡುವು ದೂರದಿಂದ ನಡೆದು ಬರುವ ಮಗುವಿಗೆ ಇಲ್ಲ. ಹೀಗಾಗಿ ಗೋಡೆಪತ್ರಿಕೆಯ ಸಂಪಾದಕ ಮಂಡಳಿ ಎಂಬುದು ಶಾಲೆಯ ಊರಿನವರು ಮತ್ತು ಹಾಸ್ಟೆಲ್ಲಿನವರು ಸೇರಿ ಆಗುವ ಮಂಡಳಿ.

ಆ ಮಂಡಳಿ ಹೊರತರುವ ಹಾಳೆ ನಾಡಿನೆಲ್ಲೆಡೆ ಹೆಚ್ಚುಕಡಿಮೆ ಒಂದೇ ಬಗೆಯದು. ಮೇಲೆ ಬಣ್ಣದ ಶೀರ್ಷಿಕೆ, ಅದರ ಪಕ್ಕ ಮುಖ್ಯೋಪಾಧ್ಯಾಯರ ಸಂದೇಶ, ಕೆಳಗೆ ಮಹಾಪುರುಷರ ಜನ್ಮದಿನ, ಗಾದೆ, ಒಗಟು, ನಗೆಹನಿ, ರಾಷ್ಟ್ರೀಯ ಹಬ್ಬದ ಚಿತ್ರ. ಇದನ್ನು ಹೀನಾಯವಾಗಿ ಕಾಣಬೇಕಿಲ್ಲ. ತನ್ನ ಹೆಸರನ್ನು ಸಾರ್ವಜನಿಕವಾಗಿ ಬರೆದು ನೋಡುವ ಮೊದಲ ಸಂದರ್ಭ ಅನೇಕರಿಗೆ ಇದೇ ಆಗಿರುತ್ತದೆ. ಆದರೂ ಬ್ಯಾರನ್ನಿನ ಸೌದೆ ಎಲ್ಲಿಂದ ಬರುತ್ತದೆ, ಸಹಪಾಠಿ ಯಾಕೆ ಕೊಡಗಿಗೆ ಹೋದ ಎಂಬುದನ್ನು ಖಚಿತವಾಗಿ ಬಲ್ಲ ಹುಡುಗಿಯೊಬ್ಬಳು ಅದನ್ನು ಬಿಟ್ಟು ಪಠ್ಯಪುಸ್ತಕದ ಮಹಾತ್ಮರ ಚರಿತ್ರೆಯನ್ನು ನಕಲು ಮಾಡುತ್ತಾಳೆ ಎಂದರೆ ಕೊರತೆ ಅವಳದಲ್ಲ, ಆಕೆಗೆ ಒದಗಿಸಿದ ಮಾದರಿಯದು. ಫ್ರಾನ್ಸಿನ ಹಳ್ಳಿಯೊಂದರ ಶಿಕ್ಷಕ ಸೆಲೆಸ್ತಾಂ ಫ್ರೆನೆ 1920ರ ದಶಕದಲ್ಲಿ ತರಗತಿಯೊಳಗೇ ಸಣ್ಣ ಅಚ್ಚುಯಂತ್ರವಿಟ್ಟು, ಮಕ್ಕಳು ತಮ್ಮೂರಿನ ಕೆಲಸ ಕಾರ್ಯಗಳನ್ನು ಕುರಿತು ಬರೆದದ್ದನ್ನು ಮುದ್ರಿಸಿ ಬೇರೆ ಊರಿನ ಶಾಲೆಯೊಂದಿಗೆ ವಿನಿಮಯ ಮಾಡಿಕೊಂಡಿದ್ದ. ಪಿರಿಯಾಪಟ್ಟಣದ ಹಾಳೆಯೊಂದು ಕರಾವಳಿಯ ಶಾಲೆಗೆ ಹೋಗಿ ಅಲ್ಲಿಂದ ಮೀನುಗಾರಿಕೆಯ ಹಾಳೆಯೊಂದು ಬರುವ ಏರ್ಪಾಡಿಗೆ ಅಂಚೆಯ ಖರ್ಚಿಗಿಂತ ಹೆಚ್ಚೇನೂ ಬೇಕಾಗಿರಲಿಲ್ಲ.

ಮಗುವಿನ ಸುತ್ತಲಿನ ಬದುಕಿನಿಂದಲೇ ಪಾಠ ಹುಟ್ಟಬೇಕೆಂಬ ಪ್ರಯೋಗ ಈ ಸೀಮೆಗೆ ಹೊಸದೂ ಅಲ್ಲ. ಚಟುವಟಿಕೆಯ ಮೂಲಕ ಕಲಿಸುವ ‘ನಲಿ ಕಲಿ’ ಪದ್ಧತಿ, ಆಂಧ್ರದ ರಿಷಿವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದು 1995ರಲ್ಲಿ ಮೊದಲು ಆರಂಭವಾದದ್ದು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಅಲ್ಲಿಂದ ಅದು ರಾಜ್ಯದ ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಿಗೆಲ್ಲ ಹರಡಿತು. 1984ರಲ್ಲಿ ಹುಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಗಿರಿಜನ ಮಕ್ಕಳಿಗಾಗಿ ಶಾಲೆ ನಡೆಸುತ್ತ ಬಂದಿದೆ. ನಾಗರಹೊಳೆಯೊಳಗಿನ ಹಾಡಿಗಳಿಂದ ಹೊರಬಂದ ಕುಟುಂಬಗಳಿಗೆ ನೆಲೆಯಾದ ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಆಶ್ರಮಶಾಲೆಯಿದೆ. ಆಶ್ರಮಶಾಲೆ ಎಂದರೆ ಬುಡಕಟ್ಟಿನ ಮಕ್ಕಳಿಗೆ ಪಾಠ, ಊಟ, ವಸತಿ ಮೂರನ್ನೂ ಒಂದೇ ಕಡೆ ಕೊಡುವ ಸರ್ಕಾರಿ ಶಾಲೆ. ಇಂಥ ಕಡೆ ಸಂಜೆಯ ಬಿಡುವಿದೆ, ಬರೆಯಲು ಜೊತೆಯಿದೆ, ಹೇಳಲು ಕಾಡಿನ ಬದುಕಿದೆ. ಜೇನುಕುರುಬರ ನುಡಿಯನ್ನು ಕನ್ನಡ ಲಿಪಿಯಲ್ಲಿ ಬರೆಯಲು ಯಾವ ಅಡ್ಡಿಯೂ ಇಲ್ಲ. ಗೋಡೆಪತ್ರಿಕೆಗೆ ಈ ಸೀಮೆಯಲ್ಲಿ ನಿಜವಾದ ಭವಿಷ್ಯವಿದ್ದರೆ ಅದು ಇಲ್ಲಿಯೇ.

ಈ ನಡುವೆ ಶಾಲೆಯ ದಿನಚರಿಯೂ ಬದಲಾಯಿತು: ಈ ಶತಮಾನದ ಮೊದಲ ದಶಕದಲ್ಲಿ ಬಿಸಿಯೂಟ ಪ್ರೌಢಶಾಲೆಯನ್ನು ಮುಟ್ಟಿತು, ಎಂಟನೆಯ ತರಗತಿಯವರಿಗೆ ಸೈಕಲ್ಲು ಬಂದಿತು, ಪ್ರತಿಭಾ ಕಾರಂಜಿ ಎಂಬ ಸ್ಪರ್ಧೆಗಳ ಸರಣಿ ಪ್ರಬಂಧವನ್ನೂ ಭಾಷಣವನ್ನೂ ಬಹುಮಾನದ ವಸ್ತುವಾಗಿಸಿತು. 2020ರ ಕೋವಿಡ್ ವರ್ಷದಲ್ಲಿ ಶಾಲೆ ಮುಚ್ಚಿ, ‘ವಿದ್ಯಾಗಮ’ ಯೋಜನೆಯಡಿ ಶಿಕ್ಷಕರು ಊರಿನ ಜಗಲಿ, ದೇವಸ್ಥಾನಗಳಲ್ಲಿ ಪಾಠ ನಡೆಸಿದಾಗ ಸುದ್ದಿ, ಚಿತ್ರ, ಸುಭಾಷಿತಗಳು ಮೊಬೈಲಿನ ವಾಟ್ಸ್ಆಪ್ ಗುಂಪುಗಳಿಗೆ ಹೋದವು. ಅವುಗಳಲ್ಲಿ ಬಹುಪಾಲು ಮತ್ತೆ ಗೋಡೆಗೆ ಮರಳಲಿಲ್ಲ.

ಪ್ರತಿ ಶಾಲೆಯೂ ದಾಖಲಾತಿ ಪುಸ್ತಕವನ್ನು ಜೋಪಾನವಾಗಿ ಕಾಪಾಡುತ್ತದೆ, ಏಕೆಂದರೆ ಜನ್ಮದಿನಾಂಕ ಮತ್ತು ಜಾತಿಯ ಪುರಾವೆಗಾಗಿ ಅದನ್ನು ಕೇಳಿಕೊಂಡು ಜನ ಬರುತ್ತಾರೆ. ಗೋಡೆಪತ್ರಿಕೆಯ ಹಾಳೆಯನ್ನು ಕೇಳುವವರಿಲ್ಲವಾದ್ದರಿಂದ ಹೊಸ ಸಂಚಿಕೆ ಬಂದ ದಿನವೇ ಹಳೆಯದು ರದ್ದಿಗೆ ಹೋಗುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಎಚ್.ಡಿ. ಕೋಟೆಗಳ ಹಳೆಯ ವಿದ್ಯಾರ್ಥಿಗಳ ಮನೆಯ ಅಟ್ಟದಲ್ಲೋ ನಿವೃತ್ತ ಶಿಕ್ಷಕರ ಕಪಾಟಿನಲ್ಲೋ ಅಂಥ ಹಾಳೆಗಳು ಉಳಿದಿದ್ದರೆ ಅವುಗಳ ಮೇಲೆ ವರ್ಷ ಮತ್ತು ಶಾಲೆಯ ಹೆಸರನ್ನು ಬರೆದು, ಒಂದೊಂದು ಚಿತ್ರ ತೆಗೆದು, ತಾಲ್ಲೂಕಿನ ಸಾರ್ವಜನಿಕ ಗ್ರಂಥಾಲಯಕ್ಕೆ ಒಪ್ಪಿಸುವುದು ಒಳ್ಳೆಯದು.