ಕ್ಷುರಧಾರೆಯೂ ತೊಗಲಿನ ಹದವೂ

ಅಲಗನ್ನು ಹರಿತಗೊಳಿಸುವ ಕಾರ್ಯಕ್ಕೆ ಕನ್ನಡದಲ್ಲಿ ಮೂರು ಮಾತುಗಳು ರೂಢಿಯಲ್ಲಿರುವುವು: ಸಾಣೆಹಿಡಿಯುವುದು, ಮಸೆಯುವುದು, ತೀಡುವುದು. ಇವು ಬಳಕೆಯಲ್ಲಿ ಒಮ್ಮೊಮ್ಮೆ ಒಂದರ ಸ್ಥಾನದಲ್ಲಿ ಇನ್ನೊಂದು ಬಂದರೂ ಕಸಬುದಾರನ ಕೈಯಲ್ಲಿ ಬೇರೆಬೇರೆಯಾದ ಕ್ರಿಯೆಗಳೇ ಆಗಿವೆ. ಸಾಣೆಯು ಲೋಹವನ್ನು ಸವೆಯಿಸಿ ಅಲಗಿಗೆ ಆಕಾರವನ್ನು ಕೊಡುತ್ತದೆ. ಮಸೆಗಲ್ಲು ಅದರ ಅಂಚನ್ನು ತೆಳುವಾಗಿಸುತ್ತದೆ. ತೀಡುವುದಾದರೋ ಕಲ್ಲಿನಿಂದೆದ್ದ ಅಂಚಿನಲ್ಲಿ ಉಳಿದಿರುವ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಮಡಿಕೆಗಳನ್ನು ನೇರಮಾಡಿ ನಯಗೊಳಿಸುತ್ತದೆ. ಕುಡುಗೋಲಿಗೆ ಮೊದಲಿನ ಎರಡೇ ಸಾಕು. ಮನುಷ್ಯನ ಕೊರಳಿನ ಮೇಲೆ ಆಡಬೇಕಾದ ಕ್ಷೌರದ ಕತ್ತಿಗೆ ಮೂರನೆಯದೂ ಬೇಕು. ಅದು ನಡೆಯುವುದು ತೊಗಲಿನ ಮೇಲೆ. ಆ ತೊಗಲು ಎಂಥದು, ಅದು ಯಾರ ಕೈಯಿಂದ ಬಂದಿತು ಎಂಬೆರಡು ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನಮ್ಮ ಗ್ರಾಮಜೀವನದ ಚರಿತ್ರೆಯ ಒಂದು ಮುಖವು ಗೋಚರವಾಗುತ್ತದೆ.

ಕಲ್ಲಿನ ಕೆಲಸ, ಅಂಚನ್ನು ನೆಲೆಗೊಳಿಸುವ ಕೆಲಸ ಎಂಬ ಈ ವಿಭಾಗವು ಬಹು ಪ್ರಾಚೀನವಾದುದು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಶಸ್ತ್ರಗಳನ್ನು ಮಸೆಯುವುದಕ್ಕೆ ಉದ್ದಿನ ಬಣ್ಣದ ನುಣುಪಾದ ಶಿಲೆಯನ್ನೂ, ಧಾರೆಯನ್ನು ನೆಲೆಗೊಳಿಸುವುದಕ್ಕೆ ಶಾಲ್ಮಲಿಯ, ಎಂದರೆ ಬೂರುಗದ ಮರದ, ಹಲಗೆಯನ್ನೂ ವಿಧಿಸಿದೆ. ರೋಮವನ್ನು ಕತ್ತರಿಸಬಲ್ಲ ಶಸ್ತ್ರವೇ ಪ್ರಯೋಗಕ್ಕೆ ಯೋಗ್ಯವೆಂಬ ಪರೀಕ್ಷೆಯೂ ಅಲ್ಲಿಯೇ ಹೇಳಲ್ಪಟ್ಟಿದೆ. ಮೃದುವಾದ ಬೂರುಗದ ಹಲಗೆಯು ಅಲ್ಲಿ ಮಾಡಿದ ಕೆಲಸವನ್ನೇ ಕ್ಷೌರಿಕನ ಸಂಚಿಯಲ್ಲಿ ತೊಗಲು ಮಾಡುತ್ತಿದ್ದಿತು. ಅಮರಕೋಶವು ಕ್ಷುರಿ, ಮುಂಡಿ, ನಾಪಿತ ಮೊದಲಾದ ಕ್ಷೌರಿಕನ ಪರ್ಯಾಯಗಳನ್ನೂ, ಚರ್ಮಕಾರನ ಹೆಸರನ್ನೂ ಶೂದ್ರವರ್ಗವೆಂಬ ಒಂದೇ ಪ್ರಕರಣದಲ್ಲಿ ಸೇರಿಸಿರುವುದನ್ನು ಇಲ್ಲಿ ನೆನೆಯಬಹುದು. ಕೋಶದಲ್ಲಿ ನೆರೆಯವರಾದ ಈ ಇಬ್ಬರ ನಡುವೆ ಊರಿನಲ್ಲಿದ್ದ ದೂರವು ಮುಂದೆ ತಿಳಿಯುವುದು.

ಕನ್ನಡನಾಡಿನ ಶಾಸನಗಳಲ್ಲಿ ಕ್ಷೌರಿಕರ ಪ್ರಸ್ತಾಪವು ಅಪರೂಪವಲ್ಲ. ವಿಜಯನಗರದ ಸದಾಶಿವರಾಯನ ಕಾಲದಲ್ಲಿ, ೧೬ನೆಯ ಶತಮಾನದ ನಡುಭಾಗದಲ್ಲಿ, ಅಳಿಯ ರಾಮರಾಯನು ಕೊಂಡೋಜನೆಂಬ ಕ್ಷೌರಿಕನ ಸೇವೆಗೆ ಮೆಚ್ಚಿ ನಾಯಿಂದರಿಗೆ ತೆರಿಗೆಗಳನ್ನು ಬಿಟ್ಟುಕೊಟ್ಟ ಸಂಗತಿಯು ಬಾದಾಮಿಯ ಶಾಸನದಿಂದಲೂ ಚಿತ್ರದುರ್ಗ ಸೀಮೆಯ ಶಾಸನಗಳಿಂದಲೂ ತಿಳಿಯಬರುತ್ತದೆ. ಒಬ್ಬ ಕಸಬುದಾರನ ಕೈಚಳಕವು ಒಂದು ಕುಲಕ್ಕೇ ಕರವಿನಾಯಿತಿಯನ್ನು ತಂದ ಉದಾಹರಣೆಯಿದು. ಆ ಕೈಚಳಕಕ್ಕೆ ಒದಗಿದ ಉಪಕರಣಗಳೆಲ್ಲವೂ ಇದ್ದ ಚೀಲಕ್ಕೆ ಹಡಪವೆಂದು ಹೆಸರು. ಹಡಪವೆಂದರೆ ಎಲೆಯಡಕೆಯ ಸಂಚಿಯೂ ಹೌದು, ಕ್ಷೌರಿಕನ ಚೀಲವೂ ಹೌದು. ತಮಿಳಿನ ಅಡಪ್ಪಂ ಎಂಬ ಶಬ್ದಕ್ಕೂ ಈ ಎರಡರ್ಥಗಳಿವೆ. ಬಸವಪ್ರಿಯ ಕೂಡಲಚೆನ್ನಬಸವಣ್ಣ ಎಂಬ ಅಂಕಿತದಿಂದ ವಚನಗಳನ್ನು ರಚಿಸಿದ ಹಡಪದ ಅಪ್ಪಣ್ಣನು ಬಸವಣ್ಣನಿಗೆ ತಾಂಬೂಲ ಕರಂಡವನ್ನು ಹಿಡಿಯುತ್ತಿದ್ದನೆಂದು ಹೇಳುವವರಿಗೂ, ಅವನು ತಮ್ಮ ಕಸಬಿನವನೆಂದು ಪೂಜಿಸುವ ಕ್ಷೌರಿಕ ಸಮಾಜಕ್ಕೂ ಈ ಒಂದೇ ಶಬ್ದವು ಆಧಾರವಾಗಿರುವುದು.

ಪ್ರಕೃತ ವಿಷಯಕ್ಕೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಾಲ್ಕು ಸೀಮೆಗಳು ಅನುಕೂಲವಾದ ನಿದರ್ಶನಗಳು. ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯು ಏರ್ಪಟ್ಟಾಗ ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗೆಯಿಂದಲೂ, ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದುವು. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾದುದು ಆ ಬಳಿಕ. ಚನ್ನಗಿರಿಯು ಸೂಳೆಕೆರೆಯ ನೀರಿನ, ಅಡಕೆ ತೋಟಗಳ ನಾಡು. ಹೊನ್ನಾಳಿಯು ತುಂಗಭದ್ರೆಯ ದಡದಲ್ಲಿದೆ. ನ್ಯಾಮತಿಯು ಮಲೆನಾಡಿನ ಅಂಚಿಗೆ ಸಮೀಪವಾದುದು. ಜಗಳೂರಾದರೋ ಮಳೆ ಕಡಿಮೆಯಾದ ಬಯಲುಸೀಮೆ. ತೊಗಲಿಗೆ ಬೇಕಾದ ದನ, ನೀರು, ತೊಗಟೆ ಎಂಬ ಮೂರು ಸಾಮಗ್ರಿಗಳು ಈ ನಾಲ್ಕು ಸೀಮೆಗಳಲ್ಲಿ ಹಂಚಿಹೋಗಿರುವುದನ್ನು ಕಾಣಬಹುದು.

ಮೊದಲು ಪ್ರಾಣಿಯ ವಿಚಾರ. ಕುರಿಯ ತೊಗಲಿನಲ್ಲಿ ಉಣ್ಣೆಯ ಬೇರುಗಳೂ ಕೊಬ್ಬೂ ತುಂಬಿರುವುದರಿಂದ ಅದು ಸಡಿಲವಾಗಿ ಮೇಲ್ಪದರವು ಒಳಪದರದಿಂದ ಬಿಟ್ಟುಕೊಳ್ಳುತ್ತದೆ. ಅದರ ಮೇಲೆ ಅಲಗು ಹೂತುಹೋಗಿ ಅಂಚು ದುಂಡಾಗುವುದು. ಆಡಿನ ತೊಗಲು ನಯವಾದುದಾದರೂ ತೆಳು, ಎಳೆದರೆ ಹಿಗ್ಗುವುದು. ಎಮ್ಮೆಯದು ದಪ್ಪ, ನೂಲು ಒರಟು. ಕಪಿಲೆಯ ಬಾನಿಗೂ ಮೆಟ್ಟಿನ ಅಟ್ಟೆಗೂ ಅದು ಹೇಳಿಮಾಡಿಸಿದಂತಿರುವುದು. ಹಸು ಎತ್ತುಗಳ ತೊಗಲು ಈ ಎರಡಕ್ಕೂ ನಡುವೆ ನಿಂತು, ನೂಲು ಬಿಗಿಯಾಗಿಯೂ ಮೈ ಸಮವಾಗಿಯೂ ಇರುವುದರಿಂದ ತೀಡುವುದಕ್ಕೆ ತಕ್ಕುದಾಗಿದೆ.

ಅನಂತರ ಭಾಗದ ವಿಚಾರ. ಒಂದೇ ತೊಗಲಿನಲ್ಲಿ ಹೊಟ್ಟೆಯ ಭಾಗವು ಸಡಿಲ, ಕುತ್ತಿಗೆಯ ಭಾಗವು ಸುಕ್ಕು. ಬೆನ್ನೆಲುಬಿನ ಎರಡು ಪಕ್ಕಗಳಲ್ಲಿ ಹಿಂಗಾಲಿನ ಕಡೆಗೆ ಸರಿದ ಭಾಗವೇ ಬಿಗಿಯಾದುದು. ಅದರಲ್ಲಿ ಎರಡು ಮೂರು ಅಂಗುಲ ಅಗಲದ, ಎರಡರಿಂದ ಮೂರು ಮಿಲಿಮೀಟರು ದಪ್ಪದ ಪಟ್ಟಿಯನ್ನು ಬೆನ್ನಿನ ಉದ್ದಕ್ಕೆ ಕೊಯ್ದರೆ ಎಳೆದಾಗ ಹಿಗ್ಗದು. ಆದರೆ ದುಡಿದ ಎತ್ತಿನ ಮೈಯಲ್ಲಿ ಅದರ ಬಾಳಿನ ಕಥೆಯೂ ಬರೆದಿರುತ್ತದೆ: ರೋಗಕ್ಕೆಂದು ಹಾಕಿದ ಬರೆ, ಮುಳ್ಳುಗೋಲಿನ ಗಾಯ, ಉಣ್ಣೆ ಕಚ್ಚಿದ ಕಲೆ, ನೊಗ ತಿಕ್ಕಿದ ಜಡ್ಡು. ಇವುಗಳಲ್ಲಿ ಒಂದು ಪಟ್ಟಿಯ ನಡುವೆ ಬಂದರೂ ಕತ್ತಿಯು ಪ್ರತಿ ಎಳೆತದಲ್ಲಿಯೂ ಅಲ್ಲಿ ತಡೆಯುವುದು. ತೊಗಲನ್ನು ಮೇಲ್ಮುಖವಾಗಿ ಬಾಗಿಸಿ ಬಿರುಕನ್ನೂ, ಒಳಮುಖವಾಗಿ ಬಾಗಿಸಿ ಸಡಿಲು ಸುಕ್ಕನ್ನೂ, ಕಣ್ಣುಮುಚ್ಚಿ ಬೆರಳಾಡಿಸಿ ಕಲೆಯನ್ನೂ ಕಂಡುಕೊಳ್ಳಬಹುದು. ತೀಡುವಾಗ ಕತ್ತಿಯ ಬೆನ್ನು ಮುಂದಾಗಿ ಅಂಚು ಹಿಂದಾಗಿ ಸಾಗಬೇಕು. ಕೊನೆಯಲ್ಲಿ ಬೆನ್ನಿನ ಮೇಲೆಯೇ ಹೊರಳಿಸಬೇಕು. ಈ ಕ್ರಮ ತಪ್ಪಿದರೆ ಎಂಥ ಉತ್ತಮವಾದ ತೊಗಲೂ ಕೊಯ್ದುಹೋಗುವುದು.

ಮೂರನೆಯದೂ ಮುಖ್ಯವಾದುದೂ ಹದದ ವಿಚಾರ. ಹಸಿಯ ತೊಗಲನ್ನು ಕೊಳೆಯದಂತೆ ಮಾಡುವ ಕ್ರಿಯೆಗೆ ಹದಮಾಡುವುದು ಎಂಬ ಮಾತನ್ನೇ ಕನ್ನಡವು ಆರಿಸಿಕೊಂಡಿರುವುದು ಗಮನಾರ್ಹ. ಜಗಳೂರಿನಂಥ ಬಯಲುಸೀಮೆಯ ಬೀಳುನೆಲಗಳಲ್ಲಿ ಬಿತ್ತದೆ ಬೆಳೆಯುವ, ಹಳದಿಯ ಹೂವಿನ ತಂಗಡಿ ಅಥವಾ ಆವರಿಕೆಯ ತೊಗಟೆಯು ದಕ್ಷಿಣ ದೇಶದ ಹದಗಾರಿಕೆಗೆ ಮೂಲಾಧಾರವಾಗಿದ್ದಿತು. ಅದರ ತೂಕದಲ್ಲಿ ನೂರಕ್ಕೆ ಸುಮಾರು ೧೮ ಪಾಲು ಹೊಗರು ಇರುವುದು. ೧೮೦೦ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ನನು ಮಾದಿಗರು ಎಕ್ಕದ ಹಾಲು, ಉಪ್ಪು, ರಾಗಿಯ ಅಂಬಲಿಗಳನ್ನು ಕಲಸಿ ತೊಗಲಿಗೆ ಉಜ್ಜಿ, ಬಳಿಕ ತಂಗಡಿಯ ತೊಗಟೆಯಿಂದ ಹದಮಾಡುತ್ತಿದ್ದ ಕ್ರಮವನ್ನು ದಾಖಲಿಸಿರುವನು. ಮರುವರ್ಷ ಅವನು ಹರಿಹರ ದಾವಣಗೆರೆಗಳ ಮಾರ್ಗವಾಗಿ ಸಂಚರಿಸಿದನು. ತಂಗಡಿಯ ತೊಗಲು ತಿಳಿಬಣ್ಣದ್ದು, ಗಟ್ಟಿಯಾಗಿಯೂ ಬಾಗುವಂತೆಯೂ ಇರುವುದು; ಬಿಸಿಲಿಗೆ ಕೆಂಪೇರುವ ಒಂದು ದೋಷವಿದ್ದರೂ ಅದನ್ನು ಅಳಲೆಕಾಯಿಯ ನೀರಿನಿಂದ ತಡೆಯುತ್ತಿದ್ದರು. ಮೃದುಗೊಳಿಸುವುದಕ್ಕೆ ಹೊಂಗೆಯೆಣ್ಣೆಯು ಬಳಕೆಯಲ್ಲಿದ್ದಿತು.

೧೯ನೆಯ ಶತಮಾನದ ಕಡೆಯಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಕ್ರೋಮ್ ಹದವನ್ನು ಆಲ್ಫ್ರೆಡ್ ಚಾಟರ್ಟನ್ನನು ೨೦ನೆಯ ಶತಮಾನದ ಮೊದಲ ವರ್ಷಗಳಲ್ಲಿ ಮದರಾಸಿನಲ್ಲಿ ಪ್ರಯೋಗಿಸಿದನು. ಮುಂದೆ ಅವನೇ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥನಾದನು. ಕ್ರೋಮ್ ತೊಗಲು ತಿಂಗಳುಗಳ ಕೆಲಸವನ್ನು ದಿನಗಳಿಗೆ ಇಳಿಸಿತು. ನೀರಿಗೂ ಬಿಸಿಗೂ ಹೆಚ್ಚು ತಾಳುವುದು. ಪಾದರಕ್ಷೆಯ ಮೇಲುಭಾಗಕ್ಕೆ ಅದು ಉತ್ತಮ. ಆದರೆ ಅದರ ಮೆತ್ತನೆಯ, ಹಿಗ್ಗುವ ಗುಣವೇ ಕ್ಷುರಧಾರೆಗೆ ಪ್ರತಿಕೂಲ. ಆದುದರಿಂದ ಹೊಸ ವಿದ್ಯೆಯು ಬಂದಮೇಲೂ ತೀಡುವ ಪಟ್ಟಿಗೆ ತೊಗಟೆಯ ಹದವೇ ಶ್ರೇಷ್ಠವೆಂದು ಉಳಿಯಿತು. ಪಟ್ಟಿಯ ಪಾಲನೆಯು ಸೀಮೆಯನ್ನು ಅನುಸರಿಸುವುದು: ಜಗಳೂರಿನ ಒಣಹವೆಯಲ್ಲಿ ಅದು ಬಿರುಸಾಗದಂತೆ ಅಂಗೈಯಿಂದ ತಿಕ್ಕಿ ಜಿಡ್ಡು ಕೊಡಬೇಕು, ನ್ಯಾಮತಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಗಾಳಿಗೆ ತೂಗಹಾಕಬೇಕು.

ಹೀಗೆ ಧಾರೆಯ ಕೊನೆಯ ಹದವು ತೊಗಲಿನ ಹದವನ್ನು ಅವಲಂಬಿಸಿದೆ. ತೊಗಲಿನ ಹದವಾದರೋ ಸತ್ತ ದನವನ್ನು ಹೊತ್ತು ಸುಲಿದು, ಸುಣ್ಣದ ಕುಣಿಯಲ್ಲಿ ಕೈಯಿಟ್ಟು, ತೊಗಟೆಯ ನೀರಿನಲ್ಲಿ ತಿರುವಿದವರ ಶ್ರಮ. ಅವರ ಪಟ್ಟಿಯ ಮೇಲೆ ತೀಡಿದ ಕತ್ತಿಯು ಊರಿನ ಎಲ್ಲ ಮುಖಗಳನ್ನೂ ಮುಟ್ಟುತ್ತಿದ್ದಿತು; ಉಪನಯನದ ಚೌಲಕ್ಕೂ ಮದುವೆಯ ಮಂಗಲಕ್ಕೂ ಒದಗುತ್ತಿದ್ದಿತು. ತೊಗಲಿಗೆ ಅಲಗು ತಾಗಿದರೆ ಮೈಲಿಗೆಯಿಲ್ಲ. ತೊಗಲು ಹದಮಾಡಿದವನ ಗಲ್ಲಕ್ಕೆ ಅದೇ ಅಲಗು ತಾಗಿದರೆ ಮೈಲಿಗೆ. ಇದರಲ್ಲಿ ಕ್ಷೌರಿಕನೊಬ್ಬನನ್ನೇ ದೂಷಿಸುವುದು ನ್ಯಾಯವಲ್ಲ. ಆಯಗಾರರಲ್ಲಿ ಒಬ್ಬನಾಗಿ ಸುಗ್ಗಿಯ ಕಾಳಿಗೆ ಊರನ್ನು ನಂಬಿದ್ದ ಅವನು ಕಟ್ಟನ್ನು ಮೀರಿದರೆ ಉಳಿದ ಮನೆಗಳ ಬಾಗಿಲುಗಳು ಅವನಿಗೆ ಮುಚ್ಚುತ್ತಿದ್ದುವು. ಮಂಗಲಕಾರ್ಯಕ್ಕೆ ಕರೆಯಲ್ಪಡುವ ಅವನನ್ನೇ ಬೆಳಗಿನ ಹೊತ್ತು ಎದುರಾದರೆ ಅಪಶಕುನವೆಂದು ಎಣಿಸಿದ ಸಮಾಜವದು.

ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರ ಸಂಗವು ಈ ಹಿನ್ನೆಲೆಯಲ್ಲಿ ಹೊಸ ಅರ್ಥವನ್ನು ಪಡೆಯುತ್ತದೆ. ಹಡಪದ ಅಪ್ಪಣ್ಣನೂ ತೊಗಲು ಹದಮಾಡುವ ಕುಲದ ಡೋಹರ ಕಕ್ಕಯ್ಯನೂ ಅಲ್ಲಿ ಒಂದೇ ಗೋಷ್ಠಿಯವರು. ಮಾದಾರ ಚೆನ್ನಯ್ಯನ ಅಂಕಿತದಲ್ಲಿ ಉಳಿ, ಕತ್ತಿ ಮೊದಲಾದ ಕಸಬಿನ ಉಪಕರಣಗಳ ಹೆಸರುಗಳೇ ದೇವರ ಹೆಸರಿನೊಡನೆ ನಿಂತಿವೆ. ಸಾಹಿತ್ಯವು ಆಗಲೇ ಒಪ್ಪಿದುದನ್ನು ಶಾಸನವು ಒಪ್ಪುವುದಕ್ಕೆ ಎಂಟು ಶತಮಾನಗಳು ಹಿಡಿದುವು. ಮೈಸೂರು ಸಂಸ್ಥಾನವು ೧೯೪೩ರಲ್ಲಿ ಸಾಮಾಜಿಕ ಅನರ್ಹತೆಗಳನ್ನು ತೊಡೆಯುವ ಕಾಯಿದೆಯನ್ನು ಮಾಡಿತು. ೧೯೫೦ರ ಸಂವಿಧಾನದ ೧೭ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ೧೯೫೫ರ ಕಾಯಿದೆಯು ಆ ಕಾರಣದಿಂದ ಸೇವೆಯನ್ನು ನಿರಾಕರಿಸುವುದನ್ನು ದಂಡನೀಯವಾಗಿ ಮಾಡಿತು. ಹಾಗಿದ್ದರೂ ದಲಿತರಿಗೆ ಕ್ಷೌರವನ್ನು ನಿರಾಕರಿಸಿದ ವರದಿಗಳು ೨೧ನೆಯ ಶತಮಾನದಲ್ಲಿಯೂ ಕರ್ನಾಟಕದ ಹಳ್ಳಿಗಳಿಂದ ಬಂದಿವೆ.

ಅಷ್ಟರಲ್ಲಿ ಆ ಪಟ್ಟಿಯೇ ಅಂಗಡಿಗಳಿಂದ ಮರೆಯಾಯಿತು. ೧೯೦೪ರಲ್ಲಿ ಜಿಲೆಟ್ಟನ ಹಕ್ಕುಪತ್ರದಿಂದ ಪ್ರಚಾರಕ್ಕೆ ಬಂದ ಬಿಸಾಡುವ ಬ್ಲೇಡು ಮನೆಮನೆಗೂ ಹಬ್ಬಿತು. ರಕ್ತದಿಂದ ಹರಡುವ ರೋಗಗಳ ಭಯವು ಹೆಚ್ಚಿದ ಕಾಲದಲ್ಲಿ ಕ್ಷೌರಿಕರೂ ಒಬ್ಬೊಬ್ಬರಿಗೆ ಒಂದೊಂದು ಅರ್ಧ ಬ್ಲೇಡನ್ನು ಸಿಕ್ಕಿಸುವ ಹಿಡಿಗೆ ತಿರುಗಿದರು. ಆರೋಗ್ಯದ ದೃಷ್ಟಿಯಿಂದ ಇದು ಹಿತವೇ. ಆದರೆ ಚರಿತ್ರಕಾರನಿಗೆ ಒಂದು ಸಾಕ್ಷಿಯು ಕೈತಪ್ಪಿದಂತಾಯಿತು. ಕತ್ತಿಯನ್ನು ಮಾಡಿದ ಕಮ್ಮಾರನಿಗೂ ಹಿಡಿದ ನಾಯಿಂದನಿಗೂ ಹನ್ನೆರಡು ಆಯಗಾರರ ಪಟ್ಟಿಯಲ್ಲಿ ಸ್ಥಾನವಿದ್ದಿತು. ಕೊಂಡೋಜನಿಗೆ ಕಲ್ಲಿನ ಮೇಲೆ ಹೆಸರೂ ದೊರೆಯಿತು. ಧಾರೆಯನ್ನು ನೆಲೆಗೊಳಿಸಿದ ತೊಗಲಿನವರ ಪಾಲನ್ನು ಈ ಚರಿತ್ರೆಯಲ್ಲಿ ಸೇರಿಸಿಕೊಳ್ಳುವವರೆಗೆ ಗ್ರಾಮಜೀವನದ ಯಾವ ವಿವರಣೆಯೂ ಪೂರ್ಣವೆನಿಸಲಾರದು.